ಐದು ಬೈಟ್‌ಗಳ ಜಂಪ್: ಓಡುತ್ತಿರುವ ಪ್ರೋಗ್ರಾಮಿನೊಳಗೆ ಫಂಕ್ಷನ್ ಕರೆಯನ್ನು ತಿರುಗಿಸುವ ಬಗೆ

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಗಳು ನನ್ನನ್ನು ಕರೆಸಿ ಎರಡು ಅಂಕಿಗಳನ್ನು ತೋರಿಸಿದರು. ಹಾಲು ಪರೀಕ್ಷಿಸುವ ಯಂತ್ರದ ಪರದೆಯ ಮೇಲೆ ಫ್ಯಾಟ್ 4.35 ಎಂದಿತ್ತು, ರೈತರ ಕೈಗೆ ಬಂದ ಚೀಟಿಯಲ್ಲಿ 4.34 ಎಂದಿತ್ತು. ಅದೇ ಹೊತ್ತಿನಲ್ಲಿ 4.25 ಬಂದ ಇನ್ನೊಬ್ಬರ ಚೀಟಿಯಲ್ಲಿ 4.25 ಎಂದೇ ಸರಿಯಾಗಿತ್ತು. ಹಾಲಿನ ದರ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಮೇಲೆ ನಿಂತಿರುವುದರಿಂದ, ಈ ನೂರನೇ ಒಂದು ಭಾಗವೂ ಯಾರದೋ ಮನೆಯ ದುಡ್ಡೇ ಆಗಿದೆ. ಲೆಕ್ಕ ಹಾಕುವ ಪ್ರೋಗ್ರಾಂ ಲಿನಕ್ಸ್ ಮೇಲೆ ಓಡುವ ಹಳೆಯದೊಂದು ತಂತ್ರಾಂಶವಾಗಿತ್ತು. ಅದನ್ನು ಬರೆದುಕೊಟ್ಟವರು ಈಗ ಸಿಗುತ್ತಿರಲಿಲ್ಲ, ಸೋರ್ಸ್ ಕೋಡ್ ಯಾರ ಬಳಿಯೂ ಇರಲಿಲ್ಲ.

ತಪ್ಪಿನ ಕಾರಣವನ್ನು ಊಹಿಸುವುದು ಕಷ್ಟವಾಗಲಿಲ್ಲ. 4.35 ಎಂಬ ಸಂಖ್ಯೆಯನ್ನು ದ್ವಿಮಾನದಲ್ಲಿ ನಿಖರವಾಗಿ ಬರೆಯಲು ಬರುವುದಿಲ್ಲವಾದ್ದರಿಂದ, ಅದನ್ನು 100ರಿಂದ ಗುಣಿಸಿದಾಗ ಪ್ರೊಸೆಸರ್ ಕೊಡುವ ಉತ್ತರ 435 ಅಲ್ಲ, 434.99999999999994. ಇದನ್ನು ಹತ್ತಿರದ ಪೂರ್ಣಾಂಕಕ್ಕೆ ಸುತ್ತಿಸದೆ ದಶಾಂಶ ಭಾಗವನ್ನು ಕತ್ತರಿಸಿದರೆ 434 ಉಳಿಯುತ್ತದೆ. 4.25 ದ್ವಿಮಾನದಲ್ಲಿ ನಿಖರವಾಗಿ ಕೂರುತ್ತದೆ, ಆದ್ದರಿಂದ ಅದಕ್ಕೆ ಈ ಕಾಟವಿಲ್ಲ. ಎಲ್ಲ ಅಂಕಿಗಳಲ್ಲೂ ಕಾಣದೆ ಕೆಲವದರಲ್ಲಿ ಮಾತ್ರ ಕಾಣುವ ಇಂಥ ತಪ್ಪು ವರ್ಷಗಟ್ಟಲೆ ಅಡಗಿರಬಲ್ಲದು. ತಿದ್ದಬೇಕಾದದ್ದು ಒಂದೇ ಒಂದು ಚಿಕ್ಕ ಫಂಕ್ಷನ್, ಅಂದರೆ ಒಂದು ನಿರ್ದಿಷ್ಟ ಕೆಲಸ ಮಾಡುವ ಪ್ರೋಗ್ರಾಮಿನ ತುಣುಕು. ಆದರೆ ನಮ್ಮ ಬಳಿ ಇದ್ದದ್ದು ಪ್ರೊಸೆಸರ್ ನೇರವಾಗಿ ಓದುವ ಬೈಟ್‌ಗಳು, ಅಂದರೆ ಮಷೀನ್ ಕೋಡ್ ಮಾತ್ರ. ಆ ಫಂಕ್ಷನ್‌ಗೆ ಹೋಗುವ ಕರೆಯನ್ನು ಪ್ರೋಗ್ರಾಂ ಓಡುವಾಗಲೇ ನಮ್ಮ ಫಂಕ್ಷನ್ ಕಡೆಗೆ ತಿರುಗಿಸುವ ವಿಧಾನವನ್ನು ಈ ಉದಾಹರಣೆಯನ್ನೇ ಹಿಡಿದು ವಿವರಿಸುತ್ತೇನೆ. ವಿಳಾಸಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ಆರಿಸಿಕೊಂಡಿದ್ದೇನೆ, ಬೈಟ್‌ಗಳನ್ನು ದಶಮಾನದಲ್ಲಿ ಬರೆದಿದ್ದೇನೆ. ಲೆಕ್ಕದ ಕ್ರಮ ನಿಜವಾದ 64 ಬಿಟ್ ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳದ್ದೇ.

ಕೆಲಸಕ್ಕೆ ಇಳಿಯುವ ಮೊದಲು ಒಂದು ಮಾತು. ಸಂಘದ ಆಡಳಿತ ಮಂಡಳಿಯ ಲಿಖಿತ ಒಪ್ಪಿಗೆ ಪಡೆದ ಮೇಲೆಯೇ ನಾನು ಆ ಕಂಪ್ಯೂಟರನ್ನು ಮುಟ್ಟಿದೆ. ನಿಮ್ಮದಲ್ಲದ, ಅಥವಾ ಅನುಮತಿ ಇಲ್ಲದ ಪ್ರೋಗ್ರಾಮಿನ ಮೇಲೆ ಈ ವಿಧಾನವನ್ನು ಪ್ರಯೋಗಿಸಬಾರದು. ದುಡ್ಡಿನ ಲೆಕ್ಕ ಮಾಡುವ ಪ್ರೋಗ್ರಾಂ ಆದರಂತೂ ಏನು ಬದಲಾಯಿತೆಂಬುದು ದಾಖಲೆಯಲ್ಲಿ ಉಳಿಯಲೇಬೇಕು.

ಇದಕ್ಕಿಂತ ಸುಲಭವಾದ ದಾರಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ನೀವು ತಡೆಯಬೇಕೆಂದಿರುವ ಫಂಕ್ಷನ್ ಬೇರೊಂದು ಶೇರ್ಡ್ ಲೈಬ್ರರಿಯಲ್ಲಿದ್ದರೆ (ಪ್ರೋಗ್ರಾಂ ಓಡುವಾಗ ಜೊತೆಗೆ ಸೇರಿಸಿಕೊಳ್ಳುವ ಪ್ರತ್ಯೇಕ ಕೋಡ್ ಫೈಲು), ಎಲ್‌ಡಿ ಪ್ರಿಲೋಡ್ ಎಂಬ ಪರಿಸರ ಚರದಲ್ಲಿ ನಿಮ್ಮ ಲೈಬ್ರರಿಯ ಹೆಸರು ಕೊಟ್ಟು, ಅದೇ ಹೆಸರಿನ ಫಂಕ್ಷನ್ ಬರೆದರೆ ಸಾಮಾನ್ಯವಾಗಿ ಸಾಕು. ಮಷೀನ್ ಕೋಡ್ ಮುಟ್ಟಬೇಕಾಗಿಲ್ಲ. ನಮ್ಮ ಫಂಕ್ಷನ್ ಪ್ರೋಗ್ರಾಮಿನ ಒಳಗೇ ಇತ್ತು, ಅದನ್ನು ಕರೆಯುವವರೂ ಒಳಗೇ ಇದ್ದರು. ಅಂಥ ಕರೆಯಲ್ಲಿ ಹೆಸರಿನ ಹುಡುಕಾಟವೇ ಇರುವುದಿಲ್ಲ, ದೂರದ ಅಂಕಿಯೊಂದು ಕರೆಯ ಬೈಟ್‌ಗಳಲ್ಲೇ ಕೂತಿರುತ್ತದೆ. ಹಾಗಿದ್ದಾಗ ಕರೆಯುವ ಒಂದೊಂದು ಜಾಗವನ್ನೂ ಹುಡುಕಿ ತಿದ್ದುವ ಬದಲು, ಕರೆಗಳೆಲ್ಲ ಬಂದು ಸೇರುವ ಫಂಕ್ಷನ್‌ನ ಬಾಗಿಲಲ್ಲೇ ಬೇರೆ ವಿಳಾಸಕ್ಕೆ ಹಾರಿಸುವ ಒಂದು ಜಂಪ್ ಬರೆಯುವುದು ಲೇಸು. ಕೆರೆಯ ನೀರನ್ನು ಬೇರೆ ಗದ್ದೆಗೆ ತಿರುಗಿಸಬೇಕಾದ ನೀರುಗಂಟಿ ಪ್ರತಿ ಬದುವಿನಲ್ಲೂ ಗುದ್ದಲಿ ಹಾಕುವುದಿಲ್ಲ, ತೂಬಿನಿಂದ ಹೊರಟ ಕಾಲುವೆಗೇ ಅಡ್ಡ ಮಣ್ಣು ಹಾಕುತ್ತಾನೆ. ಮೈಕ್ರೋಸಾಫ್ಟ್ ರಿಸರ್ಚ್‌ನ ಗ್ಯಾಲೆನ್ ಹಂಟ್ ಮತ್ತು ಡಗ್ ಬ್ರುಬೇಕರ್ 1999ರಲ್ಲಿ ವಿವರಿಸಿದ ಡಿಟೂರ್ಸ್ ಎಂಬ ಲೈಬ್ರರಿ ಈ ಕ್ರಮವನ್ನೇ ಅನುಸರಿಸುತ್ತದೆ. ಇಂದಿನ ಫ್ರೀಡಾದಂಥ ಸಲಕರಣೆಗಳೂ ಒಳಗೊಳಗೆ ಇದೇ ಬಗೆಯ ಕೆಲಸ ಮಾಡುತ್ತವೆ. ಸಿದ್ಧ ಸಲಕರಣೆ ಸಿಗುವಲ್ಲಿ ಅದನ್ನೇ ಬಳಸಿ. ಆದರೆ ಅದು ಕೈಕೊಟ್ಟಾಗ ಎಲ್ಲಿ ನೋಡಬೇಕೆಂದು ತಿಳಿಯಬೇಕಾದರೆ, ಒಮ್ಮೆಯಾದರೂ ಕೈಯಾರೆ ಮಾಡಿ ನೋಡಿರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಕೆಲಸ ಫಂಕ್ಷನ್‌ನ ವಿಳಾಸ ಹುಡುಕುವುದು. ಚಿಹ್ನೆಗಳ ಪಟ್ಟಿ, ಅಂದರೆ ಫಂಕ್ಷನ್‌ಗಳ ಹೆಸರು ಮತ್ತು ವಿಳಾಸಗಳ ಪಟ್ಟಿ, ಫೈಲಿನಲ್ಲಿ ಉಳಿದಿದ್ದರೆ ಎನ್‌ಎಂ ಎಂಬ ಆಜ್ಞೆ ಹೆಸರಿನ ಸಮೇತ ತೋರಿಸುತ್ತದೆ. ಅಳಿಸಿಹೋಗಿದ್ದರೆ ಆಬ್ಜ್‌ಡಂಪ್‌ನಿಂದ ಮಷೀನ್ ಕೋಡನ್ನು ಅಸೆಂಬ್ಲಿಯಾಗಿ ಬಿಡಿಸಿ ಓದಬೇಕು. ನಾನು ಹುಡುಕಿದ್ದು ಎರಡು ಗುರುತುಗಳನ್ನು: 100 ಎಂಬ ದಶಾಂಶ ಸಂಖ್ಯೆಯಿಂದ ಮಾಡುವ ಗುಣಾಕಾರ, ಮತ್ತು ಅದರ ಹಿಂದೆಯೇ ಬರುವ ಸಿವಿಟಿಟಿಎಸ್‌ಡಿ2ಎಸ್‌ಐ ಎಂಬ ಇನ್‌ಸ್ಟ್ರಕ್ಷನ್ (ಪ್ರೊಸೆಸರ್‌ಗೆ ಕೊಡುವ ಒಂದು ಆದೇಶ). ಆ ಹೆಸರಿನಲ್ಲಿ ಹೆಚ್ಚಿಗೆ ಕಾಣುವ ಎರಡನೆಯ 'ಟಿ' ಅಕ್ಷರವೇ ದಶಾಂಶ ಭಾಗವನ್ನು ಸುತ್ತಿಸದೆ ಕತ್ತರಿಸಲಾಗುತ್ತದೆ ಎಂಬುದನ್ನು ಹೇಳುತ್ತದೆ. ಇವೆರಡೂ ಒಟ್ಟಿಗೆ ಕಂಡ ಜಾಗದಲ್ಲಿ ನಮ್ಮ ಫಂಕ್ಷನ್ ಇತ್ತು. ಹಳೆಯ ಪ್ರೋಗ್ರಾಂಗಳು ಸಾಮಾನ್ಯವಾಗಿ ಪ್ರತಿ ಸಲವೂ ಒಂದೇ ವಿಳಾಸದಲ್ಲಿ ಕೂರುತ್ತವೆ. ಈಚಿನವು ಪ್ರತಿ ಸಲ ಬೇರೆ ಬೇರೆ ವಿಳಾಸದಲ್ಲಿ ಕೂರುವುದರಿಂದ, ಪ್ರೊಕ್ ಡೈರೆಕ್ಟರಿಯ ಮ್ಯಾಪ್ಸ್ ಫೈಲಿನಿಂದ ಮೂಲ ವಿಳಾಸವನ್ನು ಓದಿ, ಅದಕ್ಕೆ ಫಂಕ್ಷನ್‌ನ ದೂರವನ್ನು ಕೂಡಿಸಿಕೊಳ್ಳಬೇಕು. ಕಂಪೈಲರ್ ಆ ಫಂಕ್ಷನ್ನನ್ನು ಕರೆಯುವ ಜಾಗದಲ್ಲೇ ಹರಡಿ ಇನ್‌ಲೈನ್ ಮಾಡಿಬಿಟ್ಟಿದ್ದರೆ ತಡೆಯಲು ಬಾಗಿಲೇ ಇರುವುದಿಲ್ಲ ಎಂಬುದನ್ನೂ ನೆನಪಿಡಿ.

ನಮ್ಮ ಫಂಕ್ಷನ್ 42,00,000ನೇ ವಿಳಾಸದಲ್ಲಿದೆ ಎಂದು ಇಟ್ಟುಕೊಳ್ಳೋಣ. ಅದರ ಮೊದಲ ಬೈಟ್‌ಗಳು ಹೀಗಿದ್ದವು:

85
72, 137, 229
72, 131, 236, 32

ಮೂರು ಸಾಲುಗಳೆಂದರೆ ಮೂರು ಇನ್‌ಸ್ಟ್ರಕ್ಷನ್‌ಗಳು. ಮೊದಲನೆಯದು ಹಳೆಯ ಫ್ರೇಮ್ (ಒಂದು ಕರೆಗೆ ಮೀಸಲಾದ ಜಾಗ) ವಿಳಾಸವನ್ನು ಸ್ಟ್ಯಾಕ್ (ಕರೆಗಳ ತಾತ್ಕಾಲಿಕ ಮೆಮೊರಿ) ಮೇಲೆ ಇಡುತ್ತದೆ, ಎರಡನೆಯದು ಹೊಸ ಫ್ರೇಮ್ ಹೂಡುತ್ತದೆ, ಮೂರನೆಯದು ಸ್ಟ್ಯಾಕ್‌ನಲ್ಲಿ 32 ಬೈಟ್ ಜಾಗ ಬಿಡಿಸಿಕೊಳ್ಳುತ್ತದೆ. ಇವುಗಳ ಉದ್ದ ಕ್ರಮವಾಗಿ 1, 3 ಮತ್ತು 4 ಬೈಟ್.

ನಾವು ಇಲ್ಲಿ ಬರೆಯಬೇಕಾದ ಜಂಪ್ ಐದು ಬೈಟ್‌ನದು: 233 ಎಂಬ ಒಂದು ಬೈಟ್, ಅದರ ಹಿಂದೆ ನಾಲ್ಕು ಬೈಟ್‌ಗಳ ದೂರ. ಈ ದೂರವನ್ನು ಜಂಪ್ ಆರಂಭವಾಗುವ ಜಾಗದಿಂದ ಅಲ್ಲ, ಅದು ಮುಗಿದ ನಂತರದ ವಿಳಾಸದಿಂದ ಎಣಿಸಬೇಕು. ಹೊಸಬರು ಮೊದಲು ಎಡವುವುದು ಇಲ್ಲಿಯೇ. ನಾಲ್ಕು ಬೈಟ್ ಚಿಹ್ನೆಸಹಿತ ಸಂಖ್ಯೆಯಾದ್ದರಿಂದ ಹಿಂದಕ್ಕೂ ಮುಂದಕ್ಕೂ ಸುಮಾರು 2 ಗಿಗಾಬೈಟ್‌ವರೆಗೆ ಮಾತ್ರ ತಲುಪಬಹುದು. ನಮ್ಮ ಹೊಸ ಫಂಕ್ಷನ್ ಇರುವ ಶೇರ್ಡ್ ಲೈಬ್ರರಿಯನ್ನು ಪ್ರೋಗ್ರಾಮಿನೊಳಗೆ ತರುವುದಕ್ಕೂ ಎಲ್‌ಡಿ ಪ್ರಿಲೋಡನ್ನೇ ಬಳಸಿದೆವು. ಅದನ್ನು ಲಿನಕ್ಸ್ ಪ್ರೋಗ್ರಾಮಿನಿಂದ ಬಹಳ ದೂರದಲ್ಲಿ, ವಿಳಾಸಗಳ ಮೇಲ್ತುದಿಯ ಕಡೆ ಕೂರಿಸುತ್ತದೆ. ಅಲ್ಲಿಗೆ ಈ ಜಂಪ್ ಮುಟ್ಟುವುದಿಲ್ಲ. ಆದ್ದರಿಂದ ನಡುವೆ ಒಂದು ತಂಗುದಾಣ ಬೇಕು. ಪ್ರೋಗ್ರಾಮಿನ ಹತ್ತಿರದಲ್ಲೇ ಎಂಮ್ಯಾಪ್ ಕರೆಯಿಂದ ಒಂದು ಪುಟ ಮೆಮೊರಿ ಪಡೆದು, ಅಲ್ಲಿ ಪೂರ್ಣ ವಿಳಾಸಕ್ಕೆ ಹಾರುವ ದೊಡ್ಡ ಜಂಪ್ ಬರೆಯಬೇಕು. ಅದು 255, 37, 0, 0, 0, 0 ಎಂಬ ಆರು ಬೈಟ್‌ಗಳು ಮತ್ತು ಅವುಗಳ ಹಿಂದೆ ಎಂಟು ಬೈಟ್‌ಗಳ ವಿಳಾಸ, ಒಟ್ಟು 14 ಬೈಟ್. ಇದು ಪ್ರೊಸೆಸರ್ ಒಳಗೆ ಅಂಕಿಗಳನ್ನು ಇಡುವ ಚಿಕ್ಕ ಜಾಗವಾದ ಯಾವ ರಿಜಿಸ್ಟರನ್ನೂ ಕೆಡಿಸುವುದಿಲ್ಲವೆಂಬುದು ಇದರ ದೊಡ್ಡ ಗುಣ. ಈ 14 ಬೈಟ್‌ಗಳನ್ನು ನೇರವಾಗಿ ಫಂಕ್ಷನ್‌ನ ಬಾಗಿಲಲ್ಲೇ ಬರೆಯಬಾರದೇಕೆ ಎಂದು ಕೇಳಬಹುದು. ಬರೆಯಬಹುದು, ಆದರೆ ಅಷ್ಟೂ ಬೈಟ್‌ಗಳ ಹಳೆಯ ಇನ್‌ಸ್ಟ್ರಕ್ಷನ್‌ಗಳನ್ನು ಸ್ಥಳಾಂತರಿಸುವ ಹೊರೆ ಹೆಚ್ಚುತ್ತದೆ. ಚಿಕ್ಕ ಫಂಕ್ಷನ್ ಆದರೆ ಪಕ್ಕದ ಫಂಕ್ಷನ್ನನ್ನೇ ಅಳಿಸಿದಂತಾಗುತ್ತದೆ.

ಪುಟ 40,96,000ದಲ್ಲಿ ಸಿಕ್ಕಿತು ಎನ್ನೋಣ. ಒಂದು ಪುಟ 4,096 ಬೈಟ್ ಆಗಿರುವುದರಿಂದ ಪುಟದ ವಿಳಾಸ ಅದರ ಗುಣಕವೇ ಆಗಿರಬೇಕು, ಇದು ಹಾಗೆಯೇ ಇದೆ. ತಂಗುದಾಣವನ್ನು ಪುಟದ ಆರಂಭದಲ್ಲೇ ಬರೆದೆವು. ಈಗ ಬಾಗಿಲಿನ ಜಂಪ್‌ನ ದೂರ: 40,96,000ದಿಂದ 42,00,005 ಕಳೆದರೆ ಋಣ 1,04,005. ಋಣ ಸಂಖ್ಯೆಯನ್ನು ಎರಡರ ಪೂರಕದಲ್ಲಿ ಬರೆದು, ಕಿರಿಯ ಬೈಟ್ ಮೊದಲು ಬರುವಂತೆ ಜೋಡಿಸಿದಾಗ 187, 105, 254, 255 ಆಗುತ್ತದೆ. ಹಾಗಾಗಿ ಬಾಗಿಲಲ್ಲಿ ಬರೆಯಬೇಕಾದ ಬೈಟ್‌ಗಳು ಇವು:

233, 187, 105, 254, 255, 144, 144, 144

ಕೊನೆಯ ಮೂರು 144ಗಳು ಏನನ್ನೂ ಮಾಡದ ಇನ್‌ಸ್ಟ್ರಕ್ಷನ್‌ಗಳು. ಐದು ಬೈಟ್ ಸಾಕಾಗಿರುವಾಗ ಎಂಟೇಕೆ ಎಂಬ ಪ್ರಶ್ನೆಯಲ್ಲಿ ಈ ವಿದ್ಯೆಯ ಮುಕ್ಕಾಲು ಪಾಲು ಅಡಗಿದೆ.

ಐದನೇ ಬೈಟ್ ಮೂರನೇ ಇನ್‌ಸ್ಟ್ರಕ್ಷನ್‌ನ ಹೊಟ್ಟೆಯೊಳಗೆ ಬೀಳುತ್ತದೆ. ನಮ್ಮ ಹೊಸ ಫಂಕ್ಷನ್ ಮೂಲ ಫಂಕ್ಷನ್ನನ್ನೂ ಕರೆಯಬೇಕಾದರೆ, ನಾವು ಅಳಿಸುವ ಹಳೆಯ ಇನ್‌ಸ್ಟ್ರಕ್ಷನ್‌ಗಳನ್ನು ಬೇರೆಡೆ ನಕಲು ಮಾಡಿ, ಅವುಗಳ ಕೊನೆಯಲ್ಲಿ ಮೂಲ ಫಂಕ್ಷನ್‌ನ ಉಳಿದ ಭಾಗಕ್ಕೆ ಮರಳುವ ಜಂಪ್ ಇಡಬೇಕು. ಈ ಚಿಕ್ಕ ತುಣುಕನ್ನೇ ಟ್ರ್ಯಾಂಪೊಲಿನ್ ಎನ್ನುತ್ತಾರೆ. ನಕಲು ಮಾಡುವಾಗ ಇಡೀ ಇನ್‌ಸ್ಟ್ರಕ್ಷನ್‌ಗಳನ್ನೇ ತೆಗೆದುಕೊಳ್ಳಬೇಕು. ಇಲ್ಲಿ 1, 3, 4 ಕೂಡಿ 8.

ನನ್ನ ಮೊದಲ ಪ್ರಯತ್ನದಲ್ಲಿ, ಮನೆಯ ಕಂಪ್ಯೂಟರಿನ ಮೇಲೆ, ನಾನು ಐದೇ ಬೈಟ್ ನಕಲು ಮಾಡಿದ್ದೆ. ಪ್ರೋಗ್ರಾಂ ತಕ್ಷಣ ಸತ್ತಿತು, ಆದರೆ ನಾನು ನಿರೀಕ್ಷಿಸಿದ ಜಾಗದಲ್ಲಿ ಅಲ್ಲ. ಜಿಡಿಬಿ ಎಂಬ ಡಿಬಗ್ಗರ್‌ನಲ್ಲಿ ಒಂದೊಂದೇ ಹೆಜ್ಜೆ ನಡೆಸಿ ನೋಡಿದಾಗ ಕಂಡದ್ದು ಇದು: ಮೂರನೇ ಇನ್‌ಸ್ಟ್ರಕ್ಷನ್‌ನ ತಲೆಯಲ್ಲಿರುವ 72, 'ಈ ಲೆಕ್ಕ 64 ಬಿಟ್‌ನದು' ಎಂದು ಹೇಳುವ ಪೂರ್ವಪ್ರತ್ಯಯ. ಅದೊಂದು ಬೈಟ್ ಮಾತ್ರ ಟ್ರ್ಯಾಂಪೊಲಿನ್‌ಗೆ ಹೋಗಿ, ಅದರ ಹಿಂದೆ ಬಂದ ಜಂಪ್‌ಗೆ ಅಂಟಿಕೊಂಡು ನಿಷ್ಫಲವಾಯಿತು. ಮರಳಿದ ಜಾಗದಲ್ಲಿ ಉಳಿದಿದ್ದ 131, 236, 32 ತನ್ನಷ್ಟಕ್ಕೆ ಒಂದು ಸರಿಯಾದ ಇನ್‌ಸ್ಟ್ರಕ್ಷನ್ನೇ, ಆದರೆ 32 ಬಿಟ್‌ನ ಕಳೆಯುವ ಲೆಕ್ಕ. 32 ಬಿಟ್‌ನ ಲೆಕ್ಕ ರಿಜಿಸ್ಟರಿನ ಮೇಲರ್ಧವನ್ನು ಸೊನ್ನೆ ಮಾಡುತ್ತದೆ. ಸ್ಟ್ಯಾಕ್ ವಿಳಾಸದ ಮೇಲರ್ಧವೇ ಅಳಿಸಿಹೋಗಿ, ಮುಂದೆ ಸ್ಟ್ಯಾಕ್ ಮುಟ್ಟಿದ ಕೂಡಲೇ ಪ್ರೋಗ್ರಾಂ ಬಿದ್ದಿತು. ಒಂದು ಬೈಟ್ ತಪ್ಪಿದರೆ ಪ್ರೊಸೆಸರ್ ದೂರು ಹೇಳುವುದಿಲ್ಲ, ಸಿಕ್ಕ ಬೈಟ್‌ಗಳಿಗೆ ಬೇರೆ ಅರ್ಥ ಮಾಡಿಕೊಂಡು ಮುಂದೆ ಹೋಗುತ್ತದೆ. ಇನ್‌ಸ್ಟ್ರಕ್ಷನ್‌ಗಳ ಉದ್ದವನ್ನು ಕಣ್ಣಂದಾಜಿನಲ್ಲಿ ಎಣಿಸದೆ, ಡಿಸ್‌ಅಸೆಂಬ್ಲರ್ ಕೊಟ್ಟ ಉದ್ದವನ್ನೇ ನಂಬಬೇಕೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಟ್ರ್ಯಾಂಪೊಲಿನನ್ನು ಅದೇ ಪುಟದಲ್ಲಿ 40,96,064ರಿಂದ ಬರೆಯೋಣ. ಮೊದಲು ಎಂಟು ಹಳೆಯ ಬೈಟ್‌ಗಳು. ನಂತರ 40,96,072ರಲ್ಲಿ ಜಂಪ್. ಅದು 40,96,077ಕ್ಕೆ ಮುಗಿಯುತ್ತದೆ, ಹೋಗಬೇಕಾದದ್ದು 42,00,008ಕ್ಕೆ. ವ್ಯತ್ಯಾಸ 1,03,931, ಅಂದರೆ ಬೈಟ್‌ಗಳು 233, 251, 149, 1, 0. ಈ ಅಂಕಿಗಳನ್ನು ಒಮ್ಮೆ ಕಾಗದದ ಮೇಲೆ ನೀವೇ ಕಳೆದು ನೋಡಿ. ಆಮೇಲೆ ಈ ಲೆಕ್ಕ ಮರೆಯುವುದಿಲ್ಲ.

ನಮ್ಮ ಮೂರು ಇನ್‌ಸ್ಟ್ರಕ್ಷನ್‌ಗಳು ಎಲ್ಲಿ ಕೂತರೂ ಒಂದೇ ಅರ್ಥ ಕೊಡುವಂಥವು, ಹಾಗಾಗಿ ನಕಲು ಸುಲಭವಾಯಿತು. ಎಲ್ಲ ಸಲವೂ ಹೀಗಿರುವುದಿಲ್ಲ. 64 ಬಿಟ್ ಕೋಡ್‌ನಲ್ಲಿ ಸ್ಥಿರಾಂಕಗಳನ್ನು ಓದುವ ಇನ್‌ಸ್ಟ್ರಕ್ಷನ್‌ಗಳು ಬಹಳಷ್ಟು ಸಲ 'ನಾನಿರುವ ಜಾಗದಿಂದ ಇಷ್ಟು ದೂರ' ಎಂದೇ ವಿಳಾಸ ಹೇಳುತ್ತವೆ. ಅಂಥದೊಂದನ್ನು 42,00,000ದಿಂದ 40,96,064ಕ್ಕೆ ಸ್ಥಳಾಂತರಿಸಿದರೆ ಅದು 1,03,936 ಬೈಟ್ ಹಿಂದಕ್ಕೆ ಹೋದಂತೆ. ಅದರೊಳಗಿನ ದೂರಕ್ಕೆ ಅಷ್ಟನ್ನೂ ಕೂಡಿಸದಿದ್ದರೆ 100 ಎಂಬ ಸ್ಥಿರಾಂಕದ ಬದಲು ಬೇರೇನನ್ನೋ ಓದುತ್ತದೆ. 232ರಿಂದ ಆರಂಭವಾಗುವ ಕರೆಗೂ ಇದೇ ತಿದ್ದುಪಡಿ ಬೇಕು. ಎರಡೇ ಬೈಟ್‌ಗಳ ಚಿಕ್ಕ ಷರತ್ತಿನ ಜಂಪ್‌ಗಳು ಹಿಂದಕ್ಕೆ 128, ಮುಂದಕ್ಕೆ 127 ಬೈಟ್ ಮಾತ್ರ ಹೋಗಬಲ್ಲವಾದ್ದರಿಂದ ಅವುಗಳನ್ನು ಆರು ಬೈಟ್‌ನ ದೊಡ್ಡ ರೂಪಕ್ಕೆ ಬದಲಿಸಿ ಬರೆಯಬೇಕು. ಫಂಕ್ಷನ್‌ನ ಒಳಗಿನಿಂದಲೇ ಯಾವುದಾದರೂ ಲೂಪ್ ನಾವು ಅಳಿಸಿದ ಬೈಟ್‌ಗಳ ನಡುವಿಗೆ ಮರಳುತ್ತಿದ್ದರೆ, ಅಂಥ ಫಂಕ್ಷನ್‌ಗೆ ಈ ವಿಧಾನವನ್ನು ಹಚ್ಚದಿರುವುದೇ ಕ್ಷೇಮ.

ಹೊಸ ಕಂಪೈಲರ್‌ಗಳು ತಯಾರಿಸಿದ ಫಂಕ್ಷನ್‌ಗಳ ತಲೆಯಲ್ಲಿ 243, 15, 30, 250 ಎಂಬ ನಾಲ್ಕು ಬೈಟ್‌ಗಳು ಕಾಣಬಹುದು. ಇದು ಪರೋಕ್ಷ ಕರೆಗಳು ಬಂದು ಇಳಿಯಬಹುದಾದ ಜಾಗ ಎಂಬ ಗುರುತು. ಈ ರಕ್ಷಣೆ ಚಾಲೂ ಇರುವ ಕಡೆ ಗುರುತನ್ನು ಅಳಿಸಿದರೆ ಪರೋಕ್ಷ ಕರೆ ದೋಷವಾಗಿ ನಿಲ್ಲುತ್ತದೆ. ಆದ್ದರಿಂದ ಅದನ್ನು ಹಾಗೆಯೇ ಬಿಟ್ಟು, ಅದರ ನಂತರದಿಂದ ಜಂಪ್ ಬರೆಯಿರಿ.

ಇನ್ನು ಹೊಸ ಫಂಕ್ಷನ್. ಅದರ ಸಹಿ, ಅಂದರೆ ಅದು ಪಡೆಯುವ ಮತ್ತು ಹಿಂದಿರುಗಿಸುವ ಮೌಲ್ಯಗಳ ಬಗೆ, ಮೂಲದ್ದರಂತೆಯೇ ಇರಬೇಕು. ಲಿನಕ್ಸ್‌ನಲ್ಲಿ ದಶಾಂಶ ಸಂಖ್ಯೆಗಳು ಎಕ್ಸ್‌ಎಂಎಂ ರಿಜಿಸ್ಟರ್‌ಗಳಲ್ಲಿ, ಪೂರ್ಣಾಂಕಗಳು ಆರ್‌ಡಿಐ, ಆರ್‌ಎಸ್‌ಐ ಮುಂತಾದವುಗಳಲ್ಲಿ ಬರುತ್ತವೆ. ಡಬಲ್ ಎಂದು ಬರೆಯಬೇಕಾದಲ್ಲಿ ಇಂಟ್ ಎಂದು ಬರೆದರೆ ಫ್ಯಾಟ್‌ನ ಬದಲು ಸಂಬಂಧವಿಲ್ಲದ ಅಂಕಿಯೊಂದು ಕೈಗೆ ಬರುತ್ತದೆ. ನಾವು ಬಾಗಿಲಲ್ಲಿ ಕರೆ ಬರೆಯದೆ ಜಂಪ್ ಬರೆದಿರುವುದರಿಂದ, ಮರಳುವ ವಿಳಾಸವೂ ಸ್ಟ್ಯಾಕ್‌ನ ಜೋಡಣೆಯೂ ಮೂಲ ಫಂಕ್ಷನ್‌ಗೆ ಹೇಗೆ ಕಾಣಬೇಕಿತ್ತೋ ನಮ್ಮ ಫಂಕ್ಷನ್‌ಗೂ ಹಾಗೆಯೇ ಕಾಣುತ್ತವೆ. ನನ್ನ ಫಂಕ್ಷನ್ ಮಾಡಿದ್ದು ಇಷ್ಟು: ಟ್ರ್ಯಾಂಪೊಲಿನ್ ಮೂಲಕ ಹಳೆಯ ಉತ್ತರ ಪಡೆಯುವುದು, ತಾನೇ ಹತ್ತಿರದ ಪೂರ್ಣಾಂಕಕ್ಕೆ ಸುತ್ತಿಸಿ ಹೊಸ ಉತ್ತರ ಪಡೆಯುವುದು, ಎರಡೂ ಬೇರೆಯಾದರೆ ಒಂದು ಫೈಲಿಗೆ ಬರೆಯುವುದು. ಮೊದಲ ಒಂದು ವಾರ ಅದು ಹಳೆಯ ಉತ್ತರವನ್ನೇ ಹಿಂದಿರುಗಿಸಿತು. ಆ ಪಟ್ಟಿಯನ್ನು ಮಂಡಳಿಯವರು ಚೀಟಿಗಳ ಜೊತೆ ಹೋಲಿಸಿ ಒಪ್ಪಿದ ಮೇಲೆಯೇ ಹೊಸ ಉತ್ತರಕ್ಕೆ ಬದಲಿಸಿದೆ. ಫೈಲಿಗೆ ಬರೆಯುವ ನಿಮ್ಮ ಕೋಡ್, ನೀವು ತಡೆದಿರುವ ಫಂಕ್ಷನ್ನನ್ನೇ ಒಳಗೊಳಗೆ ಕರೆಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಕರೆದರೆ ಅದು ಕೊನೆಯಿಲ್ಲದ ಸುತ್ತಾಗುತ್ತದೆ.

ಈಗ ಬರೆಯುವ ಕ್ಷಣ. ಕೋಡ್ ಇರುವ ಪುಟ ಓದಲು ಮತ್ತು ಓಡಿಸಲು ಮಾತ್ರ ತೆರೆದಿರುತ್ತದೆ. ಈ ಅನುಮತಿಯನ್ನು ಬದಲಿಸುವ ಎಂಪ್ರೊಟೆಕ್ಟ್ ಕರೆಗೆ ಪುಟದ ಆರಂಭವನ್ನೇ ಕೊಡಬೇಕು: 42,00,000 ಇರುವ ಪುಟ 41,98,400ಕ್ಕೆ ಆರಂಭವಾಗುತ್ತದೆ. ಬರೆಯಬೇಕಾದ ಎಂಟು ಬೈಟ್‌ಗಳು ಪುಟದ ಅಂಚನ್ನು ದಾಟುವಂತಿದ್ದರೆ ಎರಡೂ ಪುಟಗಳನ್ನು ತೆರೆಯಿರಿ. ಬರೆದ ಮೇಲೆ ಹಳೆಯ ಅನುಮತಿಗೆ ಮರಳಿಸಿ. ಬರೆಯಲೂ ಓಡಿಸಲೂ ತೆರೆದಿಟ್ಟ ಪುಟವನ್ನು ಹಾಗೆಯೇ ಬಿಡುವುದು ಮನೆಗೆ ಚಿಲಕ ಹಾಕದೆ ಹೋದಂತೆ. ಬರೆಯುವ ಮೊದಲು ಅಲ್ಲಿರುವ ಎಂಟು ಬೈಟ್‌ಗಳು ನಾವು ನಿರೀಕ್ಷಿಸಿದವೇ ಎಂದು ಹೋಲಿಸಿ, ಒಂದು ಬೈಟ್ ಬೇರೆ ಇದ್ದರೂ ಕೈ ಹಿಂದೆಗೆಯಬೇಕು. ಪ್ರಿಲೋಡ್ ಮಾಡಿದ ಲೈಬ್ರರಿ, ಪ್ರೋಗ್ರಾಮನ್ನು ಆರಂಭಿಸುವ ಶೆಲ್‌ನೊಳಕ್ಕೂ ಸೇರಿಕೊಳ್ಳಬಹುದಾದ್ದರಿಂದ, ತಾನು ಯಾವ ಪ್ರೋಗ್ರಾಮಿನೊಳಗಿದ್ದೇನೆ ಎಂಬುದನ್ನು ಅದಕ್ಕೂ ಮೊದಲೇ ನೋಡಿಕೊಳ್ಳಬೇಕು.

ಅತ್ಯಂತ ಸೂಕ್ಷ್ಮವಾದ ಅಪಾಯ ಥ್ರೆಡ್‌ಗಳದ್ದು, ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಓಡುವ ಕೆಲಸದ ಎಳೆಗಳದ್ದು. ನಾವು ಎಂಟು ಬೈಟ್ ಬರೆಯುವ ಹೊತ್ತಿಗೆ ಇನ್ನೊಂದು ಥ್ರೆಡ್ ಮೊದಲ ಇನ್‌ಸ್ಟ್ರಕ್ಷನ್ ಮುಗಿಸಿ ಎರಡನೆಯದರ ಬಾಗಿಲಲ್ಲಿ ನಿಂತಿದ್ದರೆ, ಮರುಕ್ಷಣ ಅದು ನಮ್ಮ ಜಂಪ್‌ನ ದೂರದ ಬೈಟ್‌ಗಳನ್ನೇ ಇನ್‌ಸ್ಟ್ರಕ್ಷನ್ ಎಂದು ಓದುತ್ತದೆ. ಎಂಟು ಬೈಟ್‌ಗಳನ್ನು ಒಂದೇ ಏಟಿಗೆ ಬರೆದರೂ ನಡುವೆ ನಿಂತ ಥ್ರೆಡ್ ಉಳಿಯುವುದಿಲ್ಲ. ಇದಕ್ಕೆ ನಾನು ಆರಿಸಿಕೊಂಡ ಪರಿಹಾರ ಅತ್ಯಂತ ಸರಳ: ಲೈಬ್ರರಿಯ ಕನ್‌ಸ್ಟ್ರಕ್ಟರ್ ಫಂಕ್ಷನ್‌ನಲ್ಲೇ ಎಲ್ಲವನ್ನೂ ಮುಗಿಸುವುದು. ಪ್ರಿಲೋಡ್ ಮಾಡಿದ ಲೈಬ್ರರಿಯ ಕನ್‌ಸ್ಟ್ರಕ್ಟರ್, ಪ್ರೋಗ್ರಾಮಿನ ಮೇನ್ ಆರಂಭವಾಗುವ ಮೊದಲೇ ಓಡುತ್ತದೆ. ಆಗ ಪ್ರೋಗ್ರಾಂ ತನ್ನ ಥ್ರೆಡ್‌ಗಳನ್ನು ಇನ್ನೂ ಹುಟ್ಟಿಸಿರುವುದಿಲ್ಲ. ಹಾಗೆ ಮಾಡಲಾಗದಲ್ಲಿ ಉಳಿದೆಲ್ಲ ಥ್ರೆಡ್‌ಗಳನ್ನು ನಿಲ್ಲಿಸಿ, ಒಂದೊಂದೂ ಎಲ್ಲಿ ನಿಂತಿದೆಯೆಂದು ನೋಡಿ, ನಂತರ ಬರೆಯಬೇಕು. ಲಿನಕ್ಸ್ ಕರ್ನಲ್ ತನ್ನದೇ ಕೋಡನ್ನು ತಿದ್ದುವಾಗ ಮೊದಲ ಬೈಟ್‌ನಲ್ಲಿ 204 ಎಂಬ ಬ್ರೇಕ್‌ಪಾಯಿಂಟ್ ಇಟ್ಟು, ಉಳಿದ ಬೈಟ್‌ಗಳನ್ನು ಬರೆದು, ಕೊನೆಗೆ ಮೊದಲ ಬೈಟನ್ನು ಬದಲಿಸುತ್ತದೆ. ಪ್ರತಿ ಹಂತದ ನಡುವೆ ಎಲ್ಲ ಕೋರ್‌ಗಳೂ ಹೊಸ ಬೈಟ್‌ಗಳನ್ನು ಕಂಡಿವೆಯೆಂದು ಖಚಿತಪಡಿಸಿಕೊಳ್ಳುತ್ತದೆ. 32 ಬಿಟ್ ವಿಂಡೋಸ್‌ನ ಬಹಳಷ್ಟು ಸಿಸ್ಟಂ ಫಂಕ್ಷನ್‌ಗಳ ತಲೆಯಲ್ಲಿ ಏನನ್ನೂ ಮಾಡದ ಎರಡು ಬೈಟ್‌ನ ಇನ್‌ಸ್ಟ್ರಕ್ಷನ್ನನ್ನೂ ಫಂಕ್ಷನ್ ಆರಂಭವಾಗುವುದಕ್ಕೂ ಮೊದಲಿನ ವಿಳಾಸಗಳಲ್ಲಿ ಐದು ಬೈಟ್ ಖಾಲಿ ಜಾಗವನ್ನೂ ಬಿಟ್ಟಿರುವುದು ಇದೇ ತೊಂದರೆಗೆ ಮುಂಚಿತವಾಗಿ ಮಾಡಿದ ಏರ್ಪಾಡು.

ಆರ್ಮ್ ಪ್ರೊಸೆಸರ್‌ಗಳಲ್ಲಿ ಇದೇ ಕೆಲಸ ಮಾಡುವವರು, 64 ಬಿಟ್‌ನಲ್ಲಿ ಪ್ರತಿ ಇನ್‌ಸ್ಟ್ರಕ್ಷನ್ ನಾಲ್ಕೇ ಬೈಟ್ ಎಂಬ ಅನುಕೂಲವನ್ನೂ, ನೇರ ಜಂಪ್ 128 ಮೆಗಾಬೈಟ್‌ವರೆಗೆ ಮಾತ್ರ ಹೋಗುತ್ತದೆಂಬ ಮಿತಿಯನ್ನೂ ಗಮನಿಸಬೇಕು. ಅಲ್ಲಿ ಬರೆದ ಮೇಲೆ ಇನ್‌ಸ್ಟ್ರಕ್ಷನ್ ಕ್ಯಾಶನ್ನು ತೆರವು ಮಾಡುವುದು ಕಡ್ಡಾಯ.

ತೆಗೆಯುವ ಕ್ರಮ ಹೀಗಿದೆ. ಉಳಿಸಿಟ್ಟ ಎಂಟು ಹಳೆಯ ಬೈಟ್‌ಗಳನ್ನು, ಹಾಕುವಾಗ ತೆಗೆದುಕೊಂಡ ಎಚ್ಚರಿಕೆಯನ್ನೇ ತೆಗೆದುಕೊಂಡು, ಅದೇ ಜಾಗಕ್ಕೆ ಮರಳಿ ಬರೆಯಿರಿ. ಆದರೆ ಟ್ರ್ಯಾಂಪೊಲಿನ್ ಇರುವ ಪುಟವನ್ನು ಬಿಡುಗಡೆ ಮಾಡಬೇಡಿ, ಯಾವುದೋ ಥ್ರೆಡ್ ಇನ್ನೂ ಅದರ ಮೂಲಕ ಹಾದುಹೋಗುತ್ತಿರಬಹುದು. ಒಂದು ಪುಟ ಮೆಮೊರಿ ಉಳಿದರೆ ನಷ್ಟವೇನಿಲ್ಲ. ನಮ್ಮ ಸಂಘದಲ್ಲಿ ಇದರ ಅಗತ್ಯವೂ ಬೀಳಲಿಲ್ಲ: ಡಿಸ್ಕ್‌ನಲ್ಲಿರುವ ಪ್ರೋಗ್ರಾಂ ಫೈಲನ್ನು ನಾವು ಮುಟ್ಟಿಯೇ ಇಲ್ಲ. ಪ್ರೋಗ್ರಾಂ ಆರಂಭಿಸುವ ಸ್ಕ್ರಿಪ್ಟ್‌ನಲ್ಲಿರುವ ಪ್ರಿಲೋಡ್‌ನ ಒಂದು ಸಾಲನ್ನು ಅಳಿಸಿದರೆ, ಮಾರನೆಯ ಬೆಳಿಗ್ಗೆ ಕ್ಯಾನುಗಳು ಬರುವ ಹೊತ್ತಿಗೆ ಅದು ಹಳೆಯ ಪ್ರೋಗ್ರಾಮೇ ಆಗಿರುತ್ತದೆ. ಆ ಸಾಲು ಯಾವುದು, ಅದನ್ನು ಅಳಿಸುವುದು ಹೇಗೆ ಎಂಬುದನ್ನು ಬರೆದ ಹಾಳೆಯೊಂದನ್ನು ಕಾರ್ಯದರ್ಶಿಗಳು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿಕೊಂಡಿದ್ದಾರೆ.